ಹನಿ, ಬೆಳಕು, ಶಬ್ದ: ಸಿ.ವಿ. ರಾಮನ್ ಅವರ ಜೀವನಕಥೆ

ಉಳವಿಯ ಕಾಡಿನ ದಾರಿಯಲ್ಲಿ ಬೆಳಗಿನ ಹೊತ್ತು ಶಾಲೆಗೆ ನಡೆದು ಬರುವ ಮಗು ಒಂದು ಪ್ರಯೋಗವನ್ನು ಕಣ್ಣಾರೆ ನೋಡುತ್ತದೆ. ಮಂಜು ಕವಿದ ದಿನ ಮರಗಳ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಮಂಜು ಕರಗಿದ ಮೇಲೆ ಬಿಸಿಲು ಇದ್ದೇ ಇರುತ್ತದೆ, ಆದರೆ ಆ ಕೋಲುಗಳು ಕಾಣುವುದಿಲ್ಲ. ಬೆಳಕು ಬರುವ ದಾರಿಯನ್ನು ನಮಗೆ ತೋರಿಸಿದ್ದು ಮಂಜಿನ ಸಣ್ಣ ಹನಿಗಳು. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿದವು, ಅದರಲ್ಲಿ ಸ್ವಲ್ಪ ನಮ್ಮ ಕಣ್ಣಿಗೆ ಬಂತು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಇದನ್ನು ಟಿಂಡಾಲ್ ಪರಿಣಾಮ ಎಂದು ಕಲಿಸುತ್ತೇವೆ.

ಇದೇ ಕೆಲಸವನ್ನು ಇಂದು ಆಸ್ಪತ್ರೆಯಲ್ಲಿಯೂ ಗುಳ್ಳೆಗಳಿಂದ ಮಾಡಿಸುತ್ತಾರೆ. ಅಲ್ಲಿ ಚದುರುವುದು ಬೆಳಕಲ್ಲ, ಶಬ್ದ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುವಾಗ ರಕ್ತನಾಳಕ್ಕೆ ಅತಿ ಸೂಕ್ಷ್ಮ ಗುಳ್ಳೆಗಳನ್ನು ಚುಚ್ಚುಮದ್ದಿನ ಮೂಲಕ ಬಿಟ್ಟರೆ, ಅದುವರೆಗೆ ಕಪ್ಪಾಗಿ ಕಾಣುತ್ತಿದ್ದ ರಕ್ತದ ಹರಿವು ಪರದೆಯ ಮೇಲೆ ಬೆಳ್ಳಗೆ ಮೂಡುತ್ತದೆ. ಇವಕ್ಕೆ ಕಾಂಟ್ರಾಸ್ಟ್ ದ್ರವ್ಯ ಎಂದು ಹೆಸರು. ಗುಳ್ಳೆಗಿಂತಲೂ ಚಿಕ್ಕದಾದ ಹನಿಗಳನ್ನು ತಯಾರಿಸುವ ಸಂಶೋಧನೆ ಈಗ ನಡೆಯುತ್ತಿದೆ.

ಈ ಹನಿಗಳನ್ನು ಸರ್ ಚಂದ್ರಶೇಖರ ವೆಂಕಟ ರಾಮನ್ ಕಂಡುಹಿಡಿಯಲಿಲ್ಲ. ಆದರೆ ಅಲೆಯೊಂದು ವಸ್ತುವಿನೊಳಗೆ ಹೋಗಿ ಬದಲಾಗಿ ಹೊರಬಂದಾಗ ಆ ವಸ್ತುವಿನ ಬಗ್ಗೆ ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ಅವರು ಜೀವಮಾನವಿಡೀ ಕೇಳಿದರು. ದ್ರವದೊಳಗೆ ಹರಿಯುವ ಶ್ರವಣಾತೀತ ಶಬ್ದವನ್ನು ಬೆಳಕಿನ ಮೂಲಕ ನೋಡುವ ಸಿದ್ಧಾಂತವನ್ನು ಬೆಂಗಳೂರಿನಲ್ಲಿಯೇ ರೂಪಿಸಿದರು. ಶಬ್ದ ಮತ್ತು ಬೆಳಕು ಎಂಬ ಎರಡು ಘಟಕಗಳನ್ನು ಒಂದೇ ದಾರದಲ್ಲಿ ಪೋಣಿಸಲು ಪ್ರಶಿಕ್ಷಣಾರ್ಥಿಗಳಿಗೆ ಅವರ ಬದುಕಿಗಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಅದರಲ್ಲಿ ಶಿಕ್ಷಕರಾದ ನಾವು ಎಚ್ಚರಿಕೆಯಿಂದ ಓದಬೇಕಾದ ಒಂದು ಪುಟವೂ ಇದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕರ ಕೆಲಸ ಸಿಕ್ಕಿದ್ದರಿಂದ ಮಗನ ಬಾಲ್ಯ ಕಡಲ ತೀರದ ಆ ಊರಿನಲ್ಲಿ ಕಳೆಯಿತು. ಮನೆಯಲ್ಲಿ ಪುಸ್ತಕಗಳೂ ಸಂಗೀತವೂ ಇದ್ದವು. ತಂದೆ ಪಿಟೀಲು ನುಡಿಸುತ್ತಿದ್ದರು. ಮಗ ಮುಂದೆ ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ ಎಂಬುದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು.

ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ಎಂ.ಎ. ಓದುತ್ತಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ 18 ವರ್ಷ. ಆ ಲೇಖನದ ವಿಷಯ ಬೆಳಕಿನ ವಿವರ್ತನೆ. ಅಂದರೆ ಅಡ್ಡಿಯೊಂದರ ಅಂಚಿನಲ್ಲಿ ಅಲೆ ಬಾಗಿ ಹರಡುವುದು. ಮೂವತ್ತು ವರ್ಷಗಳ ನಂತರ ಬೆಂಗಳೂರಿನಲ್ಲಿ ಅವರು ಮತ್ತೆ ಇದೇ ವಿಷಯಕ್ಕೆ ಮರಳಿದರು.

ಕಚೇರಿಯೂ ಪ್ರಯೋಗಾಲಯವೂ

ವಿಜ್ಞಾನವನ್ನೇ ವೃತ್ತಿ ಮಾಡಿಕೊಳ್ಳಲು ಭಾರತೀಯರಿಗೆ ಆ ಕಾಲದಲ್ಲಿ ಅವಕಾಶ ತೀರ ಕಡಿಮೆ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಆಯ್ಕೆಯಾದರು. 1907ರಲ್ಲಿ ಲೋಕಸುಂದರಿಯವರೊಂದಿಗೆ ಮದುವೆಯಾಯಿತು. ಅದೇ ವರ್ಷ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವೊಂದಿತ್ತು. ಕಟ್ಟಡವಿತ್ತು, ಉಪಕರಣಗಳಿದ್ದವು, ಕೆಲಸ ಮಾಡುವವರು ಮಾತ್ರ ವಿರಳ. ರಾಮನ್ ಅಲ್ಲಿಗೆ ಹೋಗಿ ಅನುಮತಿ ಕೇಳಿದರು. ಅಂದಿನಿಂದ ಅವರ ದಿನಚರಿ ಬದಲಾಯಿತು. ಕಚೇರಿಗೆ ಮೊದಲು ಬೆಳಗ್ಗೆ ಪ್ರಯೋಗಾಲಯ, ಕಚೇರಿ ಮುಗಿದ ಮೇಲೆ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ಅಲ್ಲಿನ ಸಹಾಯಕ ಆಶುತೋಷ್ ಡೇ ಅವರ ಜೊತೆಗಾರರಾದರು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾದರೂ 1911ರಲ್ಲಿ ಕಲ್ಕತ್ತೆಗೆ ಮರಳಿದರು.

ಈ ವರ್ಷಗಳಲ್ಲಿ ಅವರ ಮುಖ್ಯ ವಿಷಯ ಶಬ್ದ. ಪಿಟೀಲು, ವೀಣೆ, ತಂಬೂರಿಗಳ ತಂತಿಗಳನ್ನು ಪರೀಕ್ಷಿಸಿದರು. ಮೃದಂಗ ಮತ್ತು ತಬಲಾಗಳ ಬಗ್ಗೆ ಅವರು ಕಂಡುಕೊಂಡದ್ದು ನಮ್ಮ ತರಗತಿಗೆ ಬಹಳ ಹತ್ತಿರದ್ದು. ಸಾಮಾನ್ಯ ಡೋಲಿನ ಚರ್ಮವನ್ನು ಬಡಿದಾಗ ಹಲವು ಕಂಪನಗಳು ಒಟ್ಟಿಗೆ ಹುಟ್ಟುತ್ತವೆ, ಆದರೆ ಅವುಗಳ ನಡುವೆ ಸರಳ ಲೆಕ್ಕದ ಸಂಬಂಧವಿರುವುದಿಲ್ಲ. ಹಾಗಾಗಿ ಅದು ಸದ್ದಾಗಿ ಕೇಳುತ್ತದೆ, ಸ್ವರವಾಗಿ ಕೇಳುವುದಿಲ್ಲ. ಮೃದಂಗದ ಬಲಗಡೆಯ ಚರ್ಮದ ನಡುವೆ ಇರುವ ಕಪ್ಪು ಲೇಪ ಚರ್ಮದ ತೂಕವನ್ನು ಬೇಕಾದಂತೆ ಹಂಚಿ, ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಕಂಪನಗಳು ಹೊರಡುವಂತೆ ಮಾಡುತ್ತದೆ. ಹೀಗೆ ಹೊರಡುವವುಗಳನ್ನು ಹಾರ್ಮೋನಿಕ್ ಎನ್ನುತ್ತಾರೆ. ಈ ಬಗ್ಗೆ ಅವರು 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಪುಸ್ತಕ ಓದದ ವಾದ್ಯ ತಯಾರಕರು ಕೈಯಿಂದ ಸಾಧಿಸಿದ್ದ ವಿದ್ಯೆಗೆ ಹೀಗೆ ಭೌತಶಾಸ್ತ್ರದಲ್ಲಿ ಗೌರವದ ಸ್ಥಾನ ಸಿಕ್ಕಿತು.

ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಬಂದಾಗ ರಾಮನ್ 1917ರಲ್ಲಿ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಕಡಿಮೆ, ಅಧಿಕಾರ ಕಡಿಮೆ. ಆದರೂ ಬೋಧನೆ ಮತ್ತು ಸಂಶೋಧನೆಗೆ ಪೂರ್ಣ ಸಮಯ ಸಿಕ್ಕಿತು.

ಕಡಲಿನ ನೀಲಿಯಿಂದ ಹೊಸ ಬೆಳಕಿನವರೆಗೆ

1921ರಲ್ಲಿ ರಾಮನ್ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋದರು. ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿ ಎಂದರೆ ಆಕಾಶದ ನೀಲಿಯ ಪ್ರತಿಫಲನ ಎಂದು ಲಾರ್ಡ್ ರ‍್ಯಾಲೆ ವಿವರಿಸಿದ್ದರು. ರಾಮನ್ ಜೇಬಿನಲ್ಲಿ ನಿಕಾಲ್ ಪ್ರಿಸಂ ಎಂಬ ಸಣ್ಣ ಸಾಧನವಿತ್ತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಕ್ಕ ಕೋನದಲ್ಲಿ ಅದರಿಂದ ತಡೆಯಬಹುದು. ತಡೆದು ನೋಡಿದರೆ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರಿಗೆ ಖಚಿತವಾಯಿತು. ದೊಡ್ಡ ವಿಜ್ಞಾನಿಯ ಮಾತನ್ನು ಜೇಬಿನಲ್ಲಿ ಹಿಡಿಸುವ ಸಾಧನದಿಂದ ಪರೀಕ್ಷಿಸಬಹುದು ಎಂಬುದು ಈ ಪ್ರಸಂಗದಲ್ಲಿ ಮಕ್ಕಳಿಗೆ ಹೇಳಬೇಕಾದ ಮುಖ್ಯ ಅಂಶ.

ಅಲ್ಲಿಂದ ಏಳು ವರ್ಷ ಅವರೂ ಅವರ ವಿದ್ಯಾರ್ಥಿಗಳೂ ದ್ರವಗಳಲ್ಲಿ ಬೆಳಕು ಚದುರುವುದನ್ನೇ ಅಧ್ಯಯನ ಮಾಡಿದರು. 1924ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ ಬಂತು. ಚದುರಿದ ಬೆಳಕಿನಲ್ಲಿ ಒಳಹೋದ ಬಣ್ಣದ ಜೊತೆಗೆ ಬೇರೆ ಬಣ್ಣದ ಬಹು ಕ್ಷೀಣ ಅಂಶವೂ ಇರುವಂತೆ ಕಂಡಿತು. ದ್ರವ ಅಶುದ್ಧವಾಗಿರಬಹುದೆಂದು ಮತ್ತೆ ಮತ್ತೆ ಶುದ್ಧಗೊಳಿಸಿ ನೋಡಿದರೂ ಅದು ಹೋಗಲಿಲ್ಲ. 1928ರ ಫೆಬ್ರವರಿ 28ರಂದು, ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಜೊತೆಗಿನ ಕೆಲಸ ಫಲ ಕೊಟ್ಟಿತು. ಪಾದರಸ ದೀಪದ ಬೆಳಕನ್ನು ದ್ರವಕ್ಕೆ ಹಾಯಿಸಿ ನೋಡಿದಾಗ ಮೂಲದಲ್ಲಿಲ್ಲದ ಹೊಸ ರೇಖೆಗಳು ವರ್ಣಪಟಲದಲ್ಲಿ ಸ್ಪಷ್ಟವಾಗಿ ಕಂಡವು. ಬೆಳಕು ಅಣುವಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು ಅಥವಾ ಅಣುವಿನಿಂದ ಸ್ವಲ್ಪ ಪಡೆದು ಬದಲಾಗಿ ಬಂದಿತ್ತು. ಎಷ್ಟು ಬದಲಾಯಿತು ಎಂಬುದು ಯಾವ ಅಣು ಎಂಬುದನ್ನು ಹೇಳುತ್ತಿತ್ತು.

ಮುಂದಿನ ತಿಂಗಳು, ಮಾರ್ಚ್ 16ರಂದು, ಅವರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಈ ಶೋಧವನ್ನು ವಿವರವಾಗಿ ಮಂಡಿಸಿದರು. 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ.

ಬೆಂಗಳೂರಿನಲ್ಲಿ ಶಬ್ದ ಮತ್ತು ಬೆಳಕು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪತ್ರಿಕೆ ಆರಂಭಿಸಿದರು. ಆ ಪತ್ರಿಕೆಯಲ್ಲಿ 1935 ಮತ್ತು 1936ರಲ್ಲಿ ಅವರು ಯುವ ಸಹೋದ್ಯೋಗಿ ಎನ್.ಎಸ್. ನಾಗೇಂದ್ರನಾಥ್ ಅವರೊಂದಿಗೆ ಐದು ಲೇಖನಗಳ ಸರಣಿ ಪ್ರಕಟಿಸಿದರು. ಇದೇ ಇಂದು ರಾಮನ್–ನಾಥ್ ಸಿದ್ಧಾಂತ ಎಂದು ಪ್ರಸಿದ್ಧ.

ಪ್ರಶ್ನೆ ಹೀಗಿತ್ತು. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳಿರುವ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ಕ್ವಾರ್ಟ್ಸ್ ಹರಳಿನಿಂದ ಇಂಥ ಶಬ್ದವನ್ನು ದ್ರವದೊಳಗೆ ಕಳಿಸಿ, ಅಡ್ಡಲಾಗಿ ಬೆಳಕು ಹಾಯಿಸಿದರೆ ಬೆಳಕು ಹಲವು ಕಿರಣಗಳಾಗಿ ಒಡೆಯುತ್ತದೆ. ಇದನ್ನು 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಕಂಡಿದ್ದರು. ಆದರೆ ಶಬ್ದ ಜೋರಾದಂತೆ ಕೆಲವು ಕಿರಣಗಳು ಬೆಳಗಿ ಕೆಲವು ಮಂಕಾಗುವುದೇಕೆ, ನಡುವಿನ ನೇರ ಕಿರಣವೇ ಒಮ್ಮೆ ಮಾಯವಾಗಿ ಮತ್ತೆ ಬರುವುದೇಕೆ ಎಂಬುದು ಬಿಡಿಸದ ಒಗಟಾಗಿತ್ತು.

ರಾಮನ್–ನಾಥ್ ವಿವರಣೆಯನ್ನು ಉಳವಿಯ ಮಕ್ಕಳಿಗೆ ಜಾತ್ರೆಯ ಚಕ್ಕಡಿಗಳಿಂದ ಹೇಳಬಹುದು. ಭಾರತ ಹುಣ್ಣಿಮೆಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಬರುವುದನ್ನು ಅವರು ನೋಡಿರುತ್ತಾರೆ. ಹತ್ತು ಚಕ್ಕಡಿಗಳು ಅಕ್ಕಪಕ್ಕ ಒಂದೇ ಸಾಲಿನಲ್ಲಿ ಬಯಲಿಗೆ ಇಳಿದವು ಎಂದುಕೊಳ್ಳಿ. ಬಯಲಿನಲ್ಲಿ ಒಂದು ಪಟ್ಟಿ ಕೆಸರು, ಒಂದು ಪಟ್ಟಿ ಗಟ್ಟಿ ನೆಲ, ಮತ್ತೆ ಕೆಸರು. ಕೆಸರಿಗೆ ಸಿಕ್ಕವು ಹಿಂದೆ ಬೀಳುತ್ತವೆ, ಗಟ್ಟಿ ನೆಲದವು ಮುಂದೆ ಹೋಗುತ್ತವೆ. ನೇರವಾಗಿ ಹೋದ ಸಾಲು ಅಂಕುಡೊಂಕಾಗಿ ಹೊರಬರುತ್ತದೆ. ಶಬ್ದ ಹರಿಯುವ ನೀರಿನಲ್ಲಿಯೂ ಹಾಗೆಯೇ, ಒತ್ತಿಕೊಂಡ ಪಟ್ಟಿ, ಸಡಿಲಾದ ಪಟ್ಟಿ ಸರದಿಯಲ್ಲಿ ಇರುತ್ತವೆ. ಒತ್ತಿಕೊಂಡ ಪಟ್ಟಿಯಲ್ಲಿ ಬೆಳಕು ತುಸು ನಿಧಾನ. ಹೊರಬರುವ ಬೆಳಕಿನ ಅಲೆ ಮಡಿಕೆ ಬಿದ್ದ ತಗಡಿನಂತಾಗುತ್ತದೆ. ಮಡಿಕೆ ಬಿದ್ದ ಅಲೆ ಒಂದೇ ದಿಕ್ಕಿಗೆ ಹೋಗಲಾರದು, ಹಲವು ನಿಶ್ಚಿತ ದಿಕ್ಕುಗಳಿಗೆ ಹಂಚಿಹೋಗುತ್ತದೆ. ಮಡಿಕೆ ಎಷ್ಟು ಆಳ ಎಂಬುದರ ಮೇಲೆ ಯಾವ ದಿಕ್ಕಿಗೆ ಎಷ್ಟು ಬೆಳಕು ಎಂಬುದು ತೀರ್ಮಾನವಾಗುತ್ತದೆ. ಇಷ್ಟನ್ನು ಅವರು ಗಣಿತದಿಂದ ನಿಖರವಾಗಿ ತೋರಿಸಿದರು.

ಇದರಿಂದ, ಕಿವಿಗೆ ಕೇಳದ ಶಬ್ದವನ್ನು ಅದರ ದಾರಿಗೆ ಅಡ್ಡ ಬರದೆ ಬೆಳಕಿನಿಂದ ನೋಡಲು, ಅಳೆಯಲು ಭದ್ರವಾದ ಆಧಾರ ಸಿಕ್ಕಿತು. ನೀರಿನ ತೊಟ್ಟಿಯಲ್ಲಿ ಅಲ್ಟ್ರಾಸೌಂಡ್ ಕಿರಣದ ಆಕಾರವನ್ನೂ ಬಲವನ್ನೂ ಬೆಳಕಿನಿಂದ ಪರೀಕ್ಷಿಸುವ ವಿಧಾನಗಳಿಗೆ ಈ ಸಿದ್ಧಾಂತ ಇಂದಿಗೂ ಬುನಾದಿ.

ನಾವು ಎಚ್ಚರಿಕೆಯಿಂದ ಓದಬೇಕಾದ ಪುಟ

ಬೆಂಗಳೂರಿನ ಆ ಮೊದಲ ವರ್ಷದಲ್ಲಿಯೇ, 1933ರಲ್ಲಿ, ಕಮಲಾ ಭಾಗವತ್ ಎಂಬ ಯುವತಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು ಸಂಸ್ಥೆಗೆ ಪ್ರವೇಶ ಕೇಳಿದರು. ಹೆಣ್ಣುಮಗಳು ಎಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಕಮಲಾ ಹಿಂದೆ ಸರಿಯಲಿಲ್ಲ. ಖುದ್ದಾಗಿ ಬಂದು ತಮಗೆ ಪ್ರವೇಶ ಏಕಿಲ್ಲ ಎಂದು ಪಟ್ಟು ಹಿಡಿದು ಕೇಳಿದರು. ಕೊನೆಗೆ ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ, ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಮುಂದುವರಿಕೆ ಎಂಬ ಷರತ್ತುಗಳ ಮೇಲೆ ಅವರನ್ನು ಸೇರಿಸಿಕೊಂಡರು. ಗಂಡು ವಿದ್ಯಾರ್ಥಿಗಳಿಗೆ ಇಲ್ಲದ ಷರತ್ತು ಅದು.

ವರ್ಷ ಕಳೆದಾಗ ಅವರ ಕೆಲಸ ರಾಮನ್‌ಗೆ ಒಪ್ಪಿಗೆಯಾಯಿತು. ಆಮೇಲೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೋನಿ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನದಲ್ಲಿ ದೊಡ್ಡ ಕೆಲಸ ಮಾಡಿದರು. 1940ರಲ್ಲಿ ಅಣ್ಣಾ ಮಣಿ ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿ ವಜ್ರಗಳ ಬೆಳಕಿನ ಗುಣಗಳನ್ನು ಅಧ್ಯಯನ ಮಾಡಿ ಲೇಖನಗಳನ್ನು ಪ್ರಕಟಿಸಿದರು. ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಆದರೂ ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯಲ್ಲಿ ಹವಾಮಾನ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ಕೆಲಸಕ್ಕೆ ನೇತೃತ್ವ ಕೊಟ್ಟರು.

ಜೀವನಚರಿತ್ರೆಯ ಪಾಠದಲ್ಲಿ ಈ ಪುಟವನ್ನು ಬಿಟ್ಟುಬಿಡುವ ರೂಢಿಯಿದೆ. ಬಿಡಬಾರದು. ಕ್ಷೀಣವಾದ ಬೆಳಕಿನ ಗೆರೆಯನ್ನೂ ಅಲಕ್ಷಿಸದ ಕಣ್ಣು, ಎದುರಿಗೆ ನಿಂತ ವಿದ್ಯಾರ್ಥಿನಿಯ ಸಾಮರ್ಥ್ಯವನ್ನು ಪರೀಕ್ಷಿಸುವ ಮೊದಲೇ ತೀರ್ಮಾನ ಕೊಟ್ಟಿತು. ರಾಮನ್ ಅಂಥವರಿಗೇ ಹೀಗಾಗಿದ್ದರೆ, ಹಿಂದಿನ ಬೆಂಚಿನ ಮಗುವಿನ ಬಗ್ಗೆ ನಾವು ಮೊದಲ ವಾರದಲ್ಲೇ ಕಟ್ಟಿಕೊಳ್ಳುವ ಅಭಿಪ್ರಾಯವನ್ನು ಎಷ್ಟು ಸಲ ಪರೀಕ್ಷಿಸಬೇಕು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕೊನೆಯ ವರ್ಷಗಳು

ರಾಮನ್ ಅವರ ಆಡಳಿತದ ರೀತಿ ಸಂಸ್ಥೆಯಲ್ಲಿ ವಿವಾದಕ್ಕೆ ಕಾರಣವಾಯಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು. ನಿವೃತ್ತಿಯ ನಂತರ ಮೈಸೂರು ಸರ್ಕಾರ ಅಕಾಡೆಮಿಗೆ ಕೊಟ್ಟಿದ್ದ ಜಮೀನಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ವಜ್ರ, ಹರಳು, ಹೂವಿನ ಬಣ್ಣ, ಕಣ್ಣಿನ ನೋಟ ಹೀಗೆ ತಮಗೆ ಬೇಕೆನಿಸಿದ್ದನ್ನು ಅಧ್ಯಯನ ಮಾಡಿದರು. ಶಾಲಾ ಮಕ್ಕಳು ಬಂದರೆ ಸಂಗ್ರಹವನ್ನು ಉತ್ಸಾಹದಿಂದ ತೋರಿಸುತ್ತಿದ್ದರು. 1954ರಲ್ಲಿ ಭಾರತ ರತ್ನ ಬಂತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಂಸ್ಥೆಯ ತೋಟದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರವಿದೆ.

ಗುಳ್ಳೆ ಮತ್ತು ಹನಿಯ ಮುಂದಿನ ಕಥೆ

ರಾಮನ್ ತೀರಿಕೊಳ್ಳುವ ಎರಡು ವರ್ಷ ಮೊದಲು, 1968ರಲ್ಲಿ, ಅಮೆರಿಕದ ರೋಚೆಸ್ಟರಿನಲ್ಲಿ ಗ್ರಾಮಿಯಾಕ್ ಮತ್ತು ಷಾ ಎಂಬ ವೈದ್ಯರು ಒಂದು ಸಂಗತಿ ಪ್ರಕಟಿಸಿದರು. ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ವೇಳೆ ರಕ್ತನಾಳಕ್ಕೆ ದ್ರವ ಚುಚ್ಚಿದಾಗ ಪರದೆಯ ಮೇಲೆ ದಟ್ಟವಾದ ಪ್ರತಿಧ್ವನಿ ಮೂಡುತ್ತಿತ್ತು. ದ್ರವದ ಜೊತೆ ಹೋದ ಸಣ್ಣ ಗುಳ್ಳೆಗಳೇ ಅದಕ್ಕೆ ಕಾರಣವೆಂದು ಮುಂದೆ ಸ್ಪಷ್ಟವಾಯಿತು. ರಕ್ತಕಣಗಳು ಸುತ್ತಲಿನ ದ್ರವಕ್ಕಿಂತ ಹೆಚ್ಚು ಬೇರೆಯಲ್ಲ, ಹಾಗಾಗಿ ಶಬ್ದವನ್ನು ಬಹಳ ಕಡಿಮೆ ಚದುರಿಸುತ್ತವೆ. ಅನಿಲ ಹಾಗಲ್ಲ, ಅದು ಸುಲಭವಾಗಿ ಕುಗ್ಗುತ್ತದೆ, ಹಿಗ್ಗುತ್ತದೆ.

ಬರಿಯ ಗಾಳಿಗುಳ್ಳೆ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ. ಅದಕ್ಕಾಗಿ ಸುಲಭವಾಗಿ ಕರಗದ ಅನಿಲವನ್ನು ಕೊಬ್ಬಿನ ಅಥವಾ ಪ್ರೋಟೀನಿನ ತೆಳು ಪೊರೆಯೊಳಗೆ ತುಂಬುವುದನ್ನು ಕಲಿತರು. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 2ರಿಂದ 5 ಭಾಗದಷ್ಟು ಈ ಗುಳ್ಳೆಯ ಅಗಲ. ಕೆಂಪು ರಕ್ತಕಣ 7ರಿಂದ 8 ಭಾಗ. ಹಾಗಾಗಿ ಕಣ ಹಾಯುವಲ್ಲೆಲ್ಲ ಗುಳ್ಳೆಯೂ ಹಾಯುತ್ತದೆ. ಕೊನೆಗೆ ಅನಿಲ ಉಸಿರಿನ ಮೂಲಕ ಹೊರಹೋಗುತ್ತದೆ. ಈ ಅಳತೆಯ ಗುಳ್ಳೆಯ ಸಹಜ ಕಂಪನ ಸೆಕೆಂಡಿಗೆ ಕೆಲವು ದಶಲಕ್ಷ, ಸ್ಕ್ಯಾನಿಂಗ್ ಯಂತ್ರ ಬಳಸುವುದೂ ಸುಮಾರು ಅದೇ ಆವೃತ್ತಿ. ಗುಳ್ಳೆ ಹಿಗ್ಗುವಷ್ಟು ಸಲೀಸಾಗಿ ಕುಗ್ಗಲಾರದು. ಆದ್ದರಿಂದ ತಾನು ಪಡೆದ ಆವೃತ್ತಿಯ ಜೊತೆಗೆ ಅದರ ಎರಡರಷ್ಟನ್ನೂ ಹಿಂದಿರುಗಿಸುತ್ತದೆ. ಯಂತ್ರ ಆ ಎರಡರಷ್ಟನ್ನು ಆರಿಸಿ ಕೇಳಿದರೆ ಸುತ್ತಲಿನ ಅಂಗಾಂಶದ ಸದ್ದು ತಗ್ಗಿ ರಕ್ತದ ದಾರಿ ಎದ್ದು ಕಾಣುತ್ತದೆ. ಮೃದಂಗದಲ್ಲಿ ಹಾರ್ಮೋನಿಕ್ ಹುಟ್ಟುವ ಕಾರಣ ಬೇರೆ, ಗುಳ್ಳೆಯಲ್ಲಿ ಬೇರೆ. ಆದರೆ ಎರಡೂ ಕಡೆ ಹಾರ್ಮೋನಿಕ್ ಎಂಬುದು ಒಂದೇ ಪರಿಕಲ್ಪನೆ.

ಗುಳ್ಳೆ ರಕ್ತನಾಳದ ಒಳಗೇ ಉಳಿಯುತ್ತದೆ. ಗೆಡ್ಡೆಯೊಂದರ ಸೋರುವ ನಾಳದ ಕಂಡಿಯಿಂದ ಹೊರಹೋಗಲು ಅದು ದೊಡ್ಡದು. ಇದಕ್ಕಾಗಿಯೇ ಹನಿಗಳ ಸಂಶೋಧನೆ. ಪರ್‌ಫ್ಲೋರೋಕಾರ್ಬನ್ ಎಂಬ ದ್ರವದ ಹನಿಯನ್ನು ಗುಳ್ಳೆಯ ಹತ್ತರಲ್ಲಿ ಒಂದು ಭಾಗದಷ್ಟು ಚಿಕ್ಕದಾಗಿ ಮಾಡಬಹುದು. ಅದು ಕಂಡಿಯಲ್ಲಿ ನುಸುಳಬಲ್ಲದು. ತಕ್ಕ ಜಾಗಕ್ಕೆ ತಲುಪಿದ ಮೇಲೆ ಹೊರಗಿನಿಂದ ಬಲವಾದ ಅಲ್ಟ್ರಾಸೌಂಡ್ ಕೊಟ್ಟರೆ ಹನಿ ಆವಿಯಾಗಿ ಸುಮಾರು ಐದು ಪಟ್ಟು ಅಗಲದ ಗುಳ್ಳೆಯಾಗುತ್ತದೆ. ಅಲ್ಲಿಯವರೆಗೆ ಮಂಕಾಗಿದ್ದದ್ದು ಆಗ ಬೆಳಗುತ್ತದೆ. ಹನಿ ಬೇಡದ ಜಾಗದಲ್ಲಿ ಸಿಡಿಯಬಾರದು, ಬೇಕಾದ ಜಾಗದಲ್ಲಿ ಸುಮ್ಮನಿರಬಾರದು. ಸಂಶೋಧಕರ ಶ್ರಮವೆಲ್ಲ ಈ ಹದವನ್ನು ಸಾಧಿಸುವುದರಲ್ಲಿದೆ.

ತರಗತಿಗೆ ಎರಡು ಚಟುವಟಿಕೆಗಳು

ಮೊದಲನೆಯದು: ಗಾಜಿನ ಲೋಟದ ನೀರಿಗೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಡಿ. ಕಿರಣ ಕಾಣುವುದಿಲ್ಲ. ಒಂದೆರಡು ತೊಟ್ಟು ಹಾಲು ಹಾಕಿ ಕದಡಿ. ಕಿರಣದ ದಾರಿ ಕಾಣುತ್ತದೆ. ಕಾಡಿನ ಮಂಜನ್ನು ಮಕ್ಕಳೇ ನೆನಪಿಸಿಕೊಳ್ಳಲಿ. ನೀವೇ ಹೇಳಬೇಡಿ.

ಎರಡನೆಯದು: ಲೋಟಕ್ಕೆ ಸೋಡಾ ಸುರಿದ ಕೂಡಲೇ ಅದರ ತಳವನ್ನು ಚಮಚದಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗುಳ್ಳೆಗಳು ತುಂಬಿರುವಾಗ ಸ್ವರ ತಗ್ಗಿರುತ್ತದೆ, ಗುಳ್ಳೆಗಳು ಹೊರಟಂತೆ ಏರುತ್ತದೆ. ಗುಳ್ಳೆ ತುಂಬಿದ ದ್ರವದಲ್ಲಿ ಶಬ್ದದ ವೇಗ ಕಡಿಮೆಯಾಗುವುದೇ ಕಾರಣ. ಇಷ್ಟು ಕೇಳಿದ ಮಗುವಿಗೆ ರಕ್ತದೊಳಗಿನ ಗುಳ್ಳೆ ಶಬ್ದದ ಮೇಲೆ ಪರಿಣಾಮ ಬೀರುತ್ತದೆಂದು ನಂಬಿಸುವುದು ಕಷ್ಟವಲ್ಲ.

ಸ್ಕ್ಯಾನಿಂಗ್ ಎಂದ ಕೂಡಲೇ ಮಕ್ಕಳು ಅಮ್ಮನನ್ನೋ ಚಿಕ್ಕಮ್ಮನನ್ನೋ ದೂರದ ಪಟ್ಟಣಕ್ಕೆ ಕರೆದುಕೊಂಡು ಹೋದದ್ದನ್ನು ಹೇಳುತ್ತಾರೆ. ಭ್ರೂಣದ ಲಿಂಗ ಪತ್ತೆ ಅಪರಾಧ ಎಂದು ಅಲ್ಲಿ ತೂಗುಹಾಕಿದ ಫಲಕವನ್ನು ಕೆಲವರು ಓದಿರಬಹುದು. ಆ ಫಲಕ ಏಕೆ ಬೇಕಾಯಿತು ಎಂದು ಯಾರಾದರೂ ಕೇಳಿದರೆ ಪ್ರಶ್ನೆಯನ್ನು ಮುಂದೂಡಬೇಡಿ. 1994ರ ಕಾಯಿದೆಯನ್ನು ಹೇಳಿ, ಬೆಂಗಳೂರಿಗೆ ಬಂದು ಪಟ್ಟು ಹಿಡಿದ ಕಮಲಾ ಅವರ ಪ್ರಸಂಗವನ್ನೂ ಹೇಳಿ. ಆಮೇಲೆ ತರಗತಿಯಲ್ಲಿ ಇದುವರೆಗೆ ಮಾತಾಡದ ಮಗುವಿಗೆ ಚಮಚ ಕೊಟ್ಟು, ಲೋಟವನ್ನು ಮುಂದಿಡಿ.